ಡೆಲ್ಬರ್ಟ್ ಎರವಲು ತಂದ ಅಚ್ಚು

ಡೆಲ್ಬರ್ಟ್‌ನನ್ನು ಮಣ್ಣು ಮಾಡಿದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ, ಮಾರ್ಲಿಸ್ ಗಂಡನ ಷೆಡ್ಡಿನ ಬಾಗಿಲು ತೆರೆದಳು. ಗೋಡೆಯ ಮೊಳೆಗೆ ಬಂದೂಕಿನ ಗುಂಡು ಎರೆಯುವ ಅಚ್ಚೊಂದು ನೇತಾಡುತ್ತಿತ್ತು. ಅದಕ್ಕೆ ಕಟ್ಟಿದ ಚೀಟಿಯಲ್ಲಿ ಅವನದೇ ಅಕ್ಷರ: ‘ಓರಿನ್‌ದು. ಮುಂದಿನ ವಾರ ಕೊಡಬೇಕು.’ ಚೀಟಿಯ ತಾರೀಖಿಗೆ ಹನ್ನೊಂದು ವರ್ಷ ತುಂಬಿತ್ತು.

ಮುದುಕ ಓರಿನ್ ಗೋರಿಯ ಹತ್ತಿರ ಒಂದೂ ಮಾತಾಡದೆ ಹೋಗಿದ್ದು ಇದಕ್ಕೇ ಇರಬೇಕು ಎನಿಸಿತು ಅವಳಿಗೆ. ಕಂಡವರ ವಸ್ತು ಇಟ್ಟುಕೊಂಡೇ ಹೋದ ಎಂಬ ಮಾತು ಗಂಡನ ಹೆಸರಿಗೆ ಅಂಟಬಾರದು. ಇವತ್ತೇ ಕೊಟ್ಟುಬಿಡಬೇಕು. ಆದರೆ ಮೊಂಟಾನಾದ ಆ ಕಣಿವೆಯಲ್ಲಿ ಎರವಲನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಪಾತ್ರೆಯಾದರೆ ಅದರ ತುಂಬ ಕೇಕು, ಅಚ್ಚಾದರೆ ಅದರಲ್ಲೇ ಎರೆದ ಐವತ್ತು ಗುಂಡು.

ಕಾಲೇಜಿನಲ್ಲಿ ಲ್ಯಾಟಿನ್ ಓದಿದ್ದ ಮಾರ್ಲಿಸ್‌ಗೆ ಸೀಸದ ಲ್ಯಾಟಿನ್ ಹೆಸರು ಗೊತ್ತಿತ್ತು, ಕರಗಿಸುವುದು ಗೊತ್ತಿರಲಿಲ್ಲ. ಚಕ್ರದ ತೂಕ ಸರಿದೂಗಿಸಲು ಬಳಸುವ, ಟೈರ್ ಅಂಗಡಿಯಿಂದ ಡೆಲ್ಬರ್ಟ್ ಬೇಡಿ ತಂದ ಸೀಸದ ತುಂಡುಗಳು ಡಬ್ಬಿ ತುಂಬ ಇದ್ದವು. ಕರಗಿಸುವ ಪಾತ್ರೆ ಸಿಗಲಿಲ್ಲ. ಅಡುಗೆಮನೆಯಲ್ಲಿ ತೊಳೆದು ಕವುಚಿಟ್ಟಿದ್ದ ಕಬ್ಬಿಣದ ಪಾತ್ರೆಯನ್ನೇ ತಂದು ಷೆಡ್ಡಿನ ಒಲೆಗೇರಿಸಿದಳು.

ಸೀಸ ಕರಗಿ ಕನ್ನಡಿಯಂತೆ ಹೊಳೆಯುವ ಹೊತ್ತಿಗೆ ಪಕ್ಕದ ಮನೆಯ ಆರ್ಡಿತ್ ಬಂದಳು. ಸಾವಿನ ಮನೆಗೆಂದು ಮಾಂಸದ ಸಾರು ತಂದುಕೊಟ್ಟಿದ್ದ ಪಾತ್ರೆ ಕೇಳಲು ಬಂದವಳು ಒಲೆಯ ಕಡೆ ನೋಡಿದಳು.

“ಅದು ನಮ್ಮಜ್ಜಿ ಪಾತ್ರೆ ಕಣೆ. ಸೀಸ ವಿಷ, ಇನ್ನು ಅದ್ರಲ್ಲಿ ಬೇಯಿಸಿ ಬಡಿಸಿದ್ರೆ ಊರಿಗೂರೇ ಡೆಲ್ಬರ್ಟ್ ಪಕ್ಕ ಹೋಗಿ ಮಲಗುತ್ತೆ.”

ಮಾರ್ಲಿಸ್ ತಪ್ಪಾಯಿತು ಎನ್ನುವ ಮೊದಲೇ ಆರ್ಡಿತ್ ಕೈಗವಸು ಏರಿಸಿಯಾಗಿತ್ತು. ಬಾಗಿಲು ಪೂರ್ತಿ ತೆಗೆಸಿದಳು, ಕೊಳೆ ಬಿಡಲೆಂದು ಚೂರು ಮೇಣ ಹಾಕಿ ಕಲಕಿಸಿದಳು, ಮೇಲೆ ತೇಲಿದ ಕೊಳೆ ತೆಗೆಸಿದಳು. ಮೊದಲ ಇಪ್ಪತ್ತು ಗುಂಡುಗಳು ನೀರಲ್ಲಿ ನೆನೆದ ಬೆರಳಿನಂತೆ ಸುಕ್ಕುಸುಕ್ಕಾಗಿ ಬಿದ್ದವು. ಅಚ್ಚು ಇನ್ನೂ ಕಾದಿಲ್ಲ ಎಂದು ಆರ್ಡಿತ್ ಅವನ್ನೆಲ್ಲ ಮತ್ತೆ ಪಾತ್ರೆಗೆ ಹಾಕಿದಳು. ಇಪ್ಪತ್ತೊಂದನೆಯದು ಥಳಥಳ ಹೊಳೆಯುತ್ತ ಬಂತು. ಡೆಲ್ಬರ್ಟ್ ಇಂಥದ್ದನ್ನು ತಂದು ತಿಂಡಿ ತಟ್ಟೆಯ ಪಕ್ಕ ಸಾಲಾಗಿ ನಿಲ್ಲಿಸಿ ತೋರಿಸುತ್ತಿದ್ದ. ಮೂರು ದಿನದಿಂದ ಒಂದು ಹನಿಯೂ ಬಾರದ ಮಾರ್ಲಿಸ್‌ಳ ಕಣ್ಣು ತುಂಬಿಬಂತು.

“ಅಳೋದಾದ್ರೆ ಆ ಕಡೆ ತಿರುಗಿ ಅಳು. ಒಂದು ಹನಿ ಬಿದ್ರೂ ಸೀಸ ಸಿಡಿದು ಇಬ್ರಿಗೂ ಮೂಗಿರಲ್ಲ.”

ಮಾರ್ಲಿಸ್ ಆ ಕಡೆ ತಿರುಗಿ ಅತ್ತಳು. ಆರ್ಡಿತ್ ಎರೆಯುತ್ತಲೇ ಇದ್ದಳು.

ಮಧ್ಯಾಹ್ನ ಮಾರ್ಲಿಸ್ ಅದೇ ಪಾತ್ರೆಯಲ್ಲಿ ಐವತ್ತು ಗುಂಡು, ಮೇಲೆ ಅಚ್ಚು ಇಟ್ಟುಕೊಂಡು ಓರಿನ್ ಮನೆಗೆ ಹೋದಳು. ಹನ್ನೊಂದು ವರ್ಷದ ತಡಕ್ಕೆ ಕ್ಷಮೆ ಕೇಳಿದಳು. ಮುದುಕ ಒಂದೊಂದೇ ಗುಂಡನ್ನು ಬೆಳಕಿಗೆ ಹಿಡಿದು ನೋಡಿದ.

“ಮುಂದಿನ ವಾರ ಕೊಡ್ತೀನಿ ಅಂತ ಹೇಳೋಕೇ ಪ್ರತಿ ಶನಿವಾರ ಅವನು ಬರ್ತಿದ್ದ, ಮಗಳೇ. ಹೇಳೋನು, ಕಾಫಿ ಕುಡಿಯೋನು, ಹೋಗೋನು.”

ಅಚ್ಚನ್ನು ಮೊಳೆಗೆ ತೂಗುಹಾಕಿದ. ಗುಂಡುಗಳನ್ನು ಡಬ್ಬಿಗೆ ಸುರಿದುಕೊಂಡ. ಖಾಲಿ ಪಾತ್ರೆಯನ್ನೇ ನೋಡುತ್ತ ತಲೆ ಕೆರೆದುಕೊಂಡ. ಒಳಗೆ ಹೋಗಿ ಬಂದು, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಅದರಲ್ಲಿ ಧೊಪ್ಪೆಂದು ಇಟ್ಟ. ಇನ್ನೊಂದು ಅಚ್ಚು, ಮೊದಲಿನದಕ್ಕಿಂತ ದೊಡ್ಡದು.

“ಪಾತ್ರೆ ಖಾಲಿ ಕಳಿಸಬಾರ್ದಲ್ಲ, ನನ್ ಹತ್ರ ಕೇಕಿಲ್ಲ. ಇದು ಕೊಟ್ಟಿದ್ದಲ್ಲ, ಎರವಲು.”

ಒಂದು ಎರವಲು ತೀರಿಸಲು ಬಂದವಳ ಕೈಯಲ್ಲಿ ಈಗ ಎರಡಿದ್ದವು: ಆರ್ಡಿತ್‌ಳ ಪಾತ್ರೆ, ಓರಿನ್‌ನ ಅಚ್ಚು. ಮಾರ್ಲಿಸ್ ಮೆಟ್ಟಿಲಿಳಿದು ತಿರುಗಿ ನಿಂತಳು.

“ಮುಂದಿನ ವಾರ ಕೊಡ್ತೀನಿ,” ಎಂದಳು.

ಓರಿನ್ ಆಗಲೇ ಕಾಫಿಗೆ ನೀರಿಡಲು ಒಳಗೆ ಹೋಗಿದ್ದ.