ಕಟ್ಟಡಗಳ ಫೋಟೋ ತೆಗೆಯಲು ಹೋಗಿ

ಕಟ್ಟಡಗಳ ಫೋಟೋ ತೆಗೆಯುವಷ್ಟು ನಿರಪಾಯದ ಹವ್ಯಾಸ ಇನ್ನೊಂದಿಲ್ಲ ಎಂದು ನಂಬಿ ನಾನು ಇದಕ್ಕೆ ಕೈಹಾಕಿದೆ. ಕಟ್ಟಡ ಕಣ್ಣು ಮುಚ್ಚಿಬಿಡುವುದಿಲ್ಲ, "ದಪ್ಪ ಕಾಣ್ತೀನಿ, ಡಿಲೀಟ್ ಮಾಡಿ" ಅನ್ನುವುದಿಲ್ಲ. ವಾರವೆಲ್ಲ ಔಷಧಿ ಕಂಪನಿಯೊಂದರಲ್ಲಿ ಅಂಕಿ-ಅಂಶ ನೋಡುವ ನಾನು, ಶನಿವಾರ ಬಂತೆಂದರೆ ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್‌ನ ಮನೆಯಿಂದ ಟ್ರೈಪಾಡ್ ಹೆಗಲಿಗೇರಿಸಿ ಹೊರಡುತ್ತೇನೆ. ಕಟ್ಟಡಗಳು ಪಾಪ, ಸುಮ್ಮನೆ ನಿಂತಿರುತ್ತವೆ. ಸುತ್ತಲಿನ ಜನ ಬಿಡಬೇಕಲ್ಲ!

ಕಮಾನು

ಪ್ರಿನ್ಸ್‌ಟನ್ ಕ್ಯಾಂಪಸ್ಸಿನಲ್ಲಿ ಒಂದು ಕಲ್ಲಿನ ಕಮಾನಿದೆ. ಬೆಳಗ್ಗೆ ಹತ್ತೇ ಹತ್ತು ನಿಮಿಷ ಅದರೊಳಗೆ ಬಿಸಿಲು ಓರೆಯಾಗಿ ಬೀಳುತ್ತದೆ. ಅದನ್ನು ಹಿಡಿಯಲು ಕಾಯುತ್ತಿದ್ದೆ. ನನ್ನ ಟೀಶರ್ಟಿನ ಮೇಲಿನ ಕನ್ನಡ ಅಕ್ಷರ ಓದಿಕೊಂಡು ಒಬ್ಬ ಹೆಂಗಸು ಬಂದಳು. ನನಗಿಂತ ಐದಾರು ವರ್ಷ ಚಿಕ್ಕವಳಿರಬೇಕು, ಅಷ್ಟೇ. ಫೋನನ್ನು ಕೈಗಿಟ್ಟು, "ಅಂಕಲ್, ಒಂದೇ ಒಂದು ಫ್ಯಾಮಿಲಿ ಫೋಟೋ, ಪ್ಲೀಸ್" ಅಂದಳು.

ಅಂಕಲ್ ಅನ್ನಿಸಿಕೊಂಡ ಸಂಕಟ ನುಂಗಿ ತೆಗೆದುಕೊಟ್ಟೆ. ತಿರುಗಿ ನೋಡಿದರೆ ಹಿಂದೆ ನಾಲ್ಕು ಕುಟುಂಬಗಳ ಸಾಲು! ಟ್ರೈಪಾಡ್ ಇಟ್ಟುಕೊಂಡವನು ಕ್ಯಾಂಪಸ್ಸಿನವನೇ ಇರಬೇಕು ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು. ಒಬ್ಬ ಚೀನೀ ಅಜ್ಜಿಯಂತೂ ಮೂರು ಸ್ಕಾರ್ಫ್ ಬದಲಾಯಿಸಿದಳು. ಎಲ್ಲ ಮುಗಿಯುವ ಹೊತ್ತಿಗೆ ಕಮಾನಿನ ಬಿಸಿಲು ಹೊರಟುಹೋಗಿತ್ತು.

ಸಾಮಾನು ಕಟ್ಟುತ್ತಿದ್ದಾಗ ಮೊದಲಿನ ಹೆಂಗಸು ಫೋನ್ ನೋಡುತ್ತಾ ವಾಪಸು ಬಂದಳು.

"ಅಂಕಲ್, ಬೇಜಾರು ಮಾಡ್ಕೋಬೇಡಿ. ಬಿಲ್ಡಿಂಗ್ ತುಂಬಾ ಚೆನ್ನಾಗಿ ಬಂದಿದೆ. ಇದರಲ್ಲಿ ನಾವೆಲ್ಲಿದೀವಿ?"

ಚಾವಣಿ

ಮ್ಯಾನ್‌ಹಟನ್ನಿನಲ್ಲಿ ಒಂದು ಭಾರಿ ರೈಲ್ವೆ ಸ್ಟೇಷನ್ನಿದೆ. ಅದರ ಚಾವಣಿಯ ತುಂಬಾ ನಕ್ಷತ್ರಗಳ ಚಿತ್ರ. ಅದನ್ನು ಸರಿಯಾಗಿ ಹಿಡಿಯಬೇಕಾದರೆ ನೆಲದ ಮೇಲೆ ಅಂಗಾತ ಮಲಗಬೇಕು. ಮಲಗಿದೆ.

"ಅಪ್ಪಾ, ಗೆಟ್ ಅಪ್! ಎವ್ರಿವನ್ ಈಸ್ ಲುಕಿಂಗ್!" ಎಂದು ಮಗಳು ಪಿಸುಗುಟ್ಟಿ ದೂರ ಸರಿದಳು. ಒಂದು ನಿಮಿಷದಲ್ಲಿ ನನ್ನ ಸುತ್ತ ಬೂಟುಗಳ ವೃತ್ತವೇ ಏರ್ಪಟ್ಟಿತು. ತಾನು ನರ್ಸ್ ಎಂದು ಹೇಳಿಕೊಂಡ ಒಬ್ಬಾಕೆ ಮಂಡಿಯೂರಿ ಕೂತು ನಾಡಿ ಹಿಡಿದಳು. ನಾನು "ಒಂದ್ನಿಮಿಷ, ಒನ್ ಮೋರ್ ಶಾಟ್" ಅಂದೆ. ಇಂಜೆಕ್ಷನ್ ಕೇಳುತ್ತಿದ್ದಾನೆ ಎಂದುಕೊಂಡಳೋ ಏನೋ, ಇನ್ನೂ ಗಾಬರಿಯಾದಳು. ಪೊಲೀಸಿನವನು ಬಂದು, "ಇವರ ಕಡೆಯವರು ಯಾರಾದರೂ ಇದ್ದೀರಾ?" ಎಂದು ಕೂಗಿ ಕೇಳಿದ.

ನನ್ನ ಹೆಂಡತಿ ಹತ್ತಡಿ ದೂರದಲ್ಲೇ ಇದ್ದಳು. ಬೆನ್ನು ತಿರುಗಿಸಿ ರೈಲುಗಳ ಸಮಯದ ಬೋರ್ಡನ್ನು ಭಕ್ತಿಯಿಂದ ಓದುತ್ತಿದ್ದಳು.

"ಯಾಕೆ ಸುಮ್ಮನಿದ್ದೆ?" ಎಂದು ಆಮೇಲೆ ಕೇಳಿದೆ. ಅವಳು ಧಾರವಾಡದವಳು. "ನಾ ಎಲ್ಲಿ ಸುಮ್ನಿದ್ದೆ? ಮನಿಗೆ ಹೋಗೋ ಟ್ರೇನ್ ಎಷ್ಟಕ್ಕದ ಅಂತ ನೋಡ್ಲಿಕ್ಕತ್ತಿದ್ದೆ" ಅಂದಳು.

ಆ ಸ್ಟೇಷನ್ನಿನಿಂದ ನ್ಯೂಜೆರ್ಸಿಗೆ ಟ್ರೇನೇ ಇಲ್ಲ.

ಸೇತುವೆ

ಹೆಂಡತಿಯ ಕಾಕಾ ಧಾರವಾಡದಿಂದ ಬಂದಿದ್ದರು. ಪಿಡಬ್ಲ್ಯುಡಿಯಲ್ಲಿ ಎಂಜಿನಿಯರಾಗಿದ್ದು ರಿಟೈರ್ ಆದವರು. ಸಂಜೆ ಹೊತ್ತಿಗೆ ಅವರನ್ನು ಬ್ರೂಕ್ಲಿನ್ ಸೇತುವೆಗೆ ಕರೆದುಕೊಂಡು ಹೋದೆ. ಆಚೆ ದಡದ ಗಗನಚುಂಬಿಗಳಿಗೆಲ್ಲ ಕೆಂಪು ಬಿಸಿಲು ಹೊಡೆದಿತ್ತು. ಕಾಕಾ ಅತ್ತ ತಲೆಯನ್ನೂ ತಿರುಗಿಸಲಿಲ್ಲ.

"ಅಳಿಯಂದ್ರ, ಈ ಕಲ್ಲಿನ ಸಂದೀದು ಒಂದು ಫೋಟೋ ತಗೀರಿ."

"ಕಾಕಾ, ಆ ಕಡೆ ನೋಡಿ, ಊರೆಲ್ಲಾ ಹೊಳೀತಿದೆ."

"ಊರೆಲ್ಲಿ ಹೋಗ್ತದರಿ? ಅಲ್ಲೇ ಇರ್ತದ. ಮೊದಲ ಇದನ್ನ ತಗೀರಿ."

ಛತ್ರಿಯ ತುದಿಯಿಂದ ಕಲ್ಲು ಬಡಿದು ಸದ್ದು ಕೇಳಿದರು. ಕೇಬಲ್ಲಿಗೆ ಕಿವಿಯಿಟ್ಟರು. ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಜೋಡಿಯೊಂದನ್ನು ಪಕ್ಕಕ್ಕೆ ಸರಿಸಿ ಅವರ ಹಿಂದಿನ ಬೋಲ್ಟುಗಳನ್ನು ಎಣಿಸಿದರು. ಒಂದು ಗಂಟೆ ಹುಡುಕಿದರೂ ಒಂದು ಬಿರುಕು ಸಿಗದೆ ಅವರ ಮುಖ ಸಪ್ಪಗಾಗಿತ್ತು. ನಾನು ಸಮಾಧಾನಕ್ಕೆ, "ಕಟ್ಟಿ ನೂರು ವರ್ಷದ ಮೇಲಾಯ್ತು ಕಾಕಾ, ಹೆಂಗಿದೆ?" ಅಂದೆ.

ಛತ್ರಿ ಊರಿಕೊಂಡು ಸ್ವಲ್ಪ ಯೋಚನೆ ಮಾಡಿದರು.

"ಕೆಲಸ ಛಲೋ ಮಾಡ್ಯಾರ. ಆದ್ರ ಈಗಽ ಏನೂ ಹೇಳ್ಲಿಕ್ಕೆ ಬರಂಗಿಲ್ಲ. ಇನ್ನೆರಡು ಮಳಿಗಾಲ ಹೋಗ್ಲಿ, ನೋಡೋಣು."

ಹಳೇ ಮನೆ

ನಮ್ಮ ಕೌಂಟಿಯ, ಅಂದರೆ ಇಲ್ಲಿಯ ಜಿಲ್ಲೆಯ, ಸಣ್ಣ ಊರುಗಳಲ್ಲಿ ಮರದ ಹಳೇ ಮನೆಗಳಿವೆ. ರಸ್ತೆ ಬದಿ ನಿಂತು ಫೋಟೋ ತೆಗೆಯುವಾಗ ಕಾರಿನವರಿಗೆ ಕಾಣಲಿ ಎಂದು ನಾನು ಮಿರುಗುವ ಹಳದಿ ಜಾಕೆಟ್ ಹಾಕಿಕೊಂಡಿರುತ್ತೇನೆ. ಇಲ್ಲಿ ಕಟ್ಟಡಗಳ ತಪಾಸಣೆಗೆ ಬರುವ ಸರ್ಕಾರಿಯವರು ಹಾಕುವುದೂ ಅಂಥದ್ದೇ. ಅದೇ ಎಡವಟ್ಟಾಯಿತು. ಒಂದು ಮನೆಯಿಂದ ಬಿಳಿಗಡ್ಡದ ಅಮೆರಿಕನ್ ಅಜ್ಜ ಓಡೋಡಿ ಬಂದ.

"ಹಿತ್ತಲಿನ ಶೆಡ್ ವಿಷಯ ತಾನೆ? ಪರ್ಮಿಟ್‌ಗೆ ಅರ್ಜಿ ಹಾಕಬೇಕು ಅಂತಲೇ ಇದ್ದೆ" ಅಂದ.

ಶೆಡ್ಡನ್ನು ನಾನು ನೋಡಿಯೇ ಇರಲಿಲ್ಲ. "ಇಲ್ಲ ಇಲ್ಲ, ನಾನು ನಿಮ್ಮ ಕಿಟಕಿ ನೋಡ್ತಿದ್ದೆ" ಅಂದೆ.

"ಕಿಟಕಿಗೂ ಪರ್ಮಿಟ್ ಬೇಕಿತ್ತೇ?" ಅವನ ಮುಖ ಬಿಳಿಚಿಕೊಂಡಿತು.

"ಹಾಗಲ್ಲ, ಬಹಳ ವಿಶೇಷವಾಗಿದೆ, ನಾಲ್ಕೂ ಕಡೆಯಿಂದ ಫೋಟೋ ತೆಗೀತೀನಿ" ಅಂದೆ. ಅವನು ಒಳಗೆ ಹೋಗಿ, ಒಂದು ಚೀಲದ ತುಂಬಾ ಟೊಮೆಟೊ ತಂದು ನನ್ನ ಕೈಗಿಟ್ಟ. ನನ್ನ ಜಾಕೆಟ್ಟಿನ ಕಥೆ ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಕಣ್ಣು ಮಿಟುಕಿಸಿ ಬಾಗಿಲು ಹಾಕಿಕೊಂಡ.

ಅಂದು ಮನೆಯಲ್ಲಿ ಟೊಮೆಟೊ ಗೊಜ್ಜು. ಇದು ನನ್ನ ಜೀವಮಾನದ ಮೊದಲ ಲಂಚ ಎಂದು ಹೆಂಡತಿಗೆ ನಾಚಿಕೆಯಿಂದಲೇ ಹೇಳಿದೆ. ಅವಳು ಬೆರಳು ನೆಕ್ಕುತ್ತಾ ಕೇಳಿದಳು:

"ಭಾಳ ಛಲೋ ಅವ. ಆ ಓಣಿಯೊಳಗ ಇನ್ನೂ ಎಷ್ಟು ಮನಿ ಅವ?"

ಪ್ರದರ್ಶನ

ಕಳೆದ ರಾಜ್ಯೋತ್ಸವಕ್ಕೆ ಇಲ್ಲಿಯ ಕನ್ನಡದವರು ಶಾಲೆಯೊಂದರ ಸಭಾಂಗಣ ಹಿಡಿದಿದ್ದರು. ಅದರ ಗೋಡೆಯ ಮೇಲೆ ನನ್ನ ಹನ್ನೆರಡು ಫೋಟೋ ಹಾಕಲು ಒಪ್ಪಿದರು. ನನ್ನ ಮೊಟ್ಟಮೊದಲ ಪ್ರದರ್ಶನ! ಎರಡು ತಿಂಗಳು ನಿದ್ದೆಗೆಟ್ಟು ದೊಡ್ಡ ದೊಡ್ಡ ಪ್ರಿಂಟ್ ಹಾಕಿಸಿದ್ದೆ. ಜನ ಬಂದರು. ಫೋಟೋಗಳ ಮುಂದೆಯೇ ಸಾಲಾಗಿಯೂ ನಿಂತರು. ಬಿಸಿಬೇಳೆ ಭಾತಿನ ಸಾಲು ಅಲ್ಲಿಂದಲೇ ಶುರುವಾಗುತ್ತಿತ್ತು. ಒಬ್ಬರೂ ಗೋಡೆ ಕಡೆ ನೋಡಲಿಲ್ಲ.

ಒಬ್ಬರೇ ಒಬ್ಬರು ಆಂಟಿ ಮಾತ್ರ ನಮ್ಮೂರ ಉದ್ಯಾನದ ಕಲ್ಲುಸೇತುವೆಯ ಫೋಟೋದ ಮುಂದೆ ನಿಂತರು. ಐದು ನಿಮಿಷವಾದರೂ ಕದಲಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ನನ್ನ ಎದೆ ತುಂಬಿ ಬಂತು. ಹತ್ತಿರ ಹೋಗಿ, "ಬೆಳಕು ಹೇಗೆ ಬಿದ್ದಿದೆ ನೋಡಿ ಆಂಟಿ" ಅಂದೆ.

"ಎಷ್ಟು ಸ್ಪಷ್ಟವಾಗಿದೆಯಪ್ಪಾ! ಸಣ್ಣ ಸಣ್ಣದೂ ಕಾಣಿಸುತ್ತೆ" ಅಂದರು.

"ಒಳ್ಳೇ ಲೆನ್ಸು ಆಂಟಿ. ಮೂಲೆಗಳೂ ಶಾರ್ಪಾಗಿವೆ."

"ಹೌದು, ಈ ಮೂಲೆ ಬಹಳ ಶಾರ್ಪಾಗಿದೆ" ಎಂದು ಅವರು ಬೆರಳಿಟ್ಟು ತೋರಿಸಿದರು. ಸೇತುವೆಯ ಪಕ್ಕ ಬೆಂಚು. ಬೆಂಚಿನ ಮೇಲೆ ಬೆನ್ನು ಮಾಡಿ ಕೂತ ಒಬ್ಬ ಮನುಷ್ಯ, ತಲೆಗೆ ಕಂದು-ಹಳದಿ ಪಟ್ಟೆಯ ಉಣ್ಣೆ ಟೋಪಿ. ಪಕ್ಕದಲ್ಲಿ ತೆರೆದ ಡೋನಟ್ ಡಬ್ಬಿ. ಎರಡೂ ಕೈಯಲ್ಲಿ ಒಂದೊಂದು ಡೋನಟ್.

"ರೀ, ಸ್ವಲ್ಪ ಬನ್ನಿ ಇಲ್ಲಿ" ಎಂದು ಆಂಟಿ ಕರೆದರು. ಭಾತಿನ ಸಾಲಿನಿಂದ ಅವರ ಯಜಮಾನರು ತಟ್ಟೆ ಹಿಡಿದುಕೊಂಡು ಬಂದರು.

"ದಿನಾ ಪಾರ್ಕಿನಲ್ಲಿ ಮೂರು ಮೈಲಿ ವಾಕ್ ಮಾಡ್ತೀನಿ ಅಂತೀರಲ್ಲ, ಇದೇ ಪಾರ್ಕಾ?"

ಅಂಕಲ್ ಫೋಟೋ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಆ ನೋಟವನ್ನು ನಾನು ಮರೆಯಲಾರೆ. "ಪಾರ್ಕೇನೋ ಅದೇ. ಆದರೆ ಅವನು ಯಾರೋ! ಹಿಂದಿನಿಂದ ನೋಡಿದರೆ ನಾವೆಲ್ಲ ಒಂದೇ ಥರ ಕಾಣ್ತೀವಿ ಕಣೇ."

"ಟೋಪಿ ನಾನೇ ಹೆಣೆದದ್ದು" ಅಂದರು ಆಂಟಿ.

"ಅಂಥದ್ದು ಅಂಗಡೀಲೂ ಸಿಗುತ್ತೆ" ಎನ್ನುತ್ತಾ ಅಂಕಲ್, ಕೋಟಿನ ಜೇಬಿನಿಂದ ಇಣುಕುತ್ತಿದ್ದ ಕಂದು-ಹಳದಿ ಟೋಪಿಯನ್ನು ಮೆಲ್ಲಗೆ ಒಳಗೆ ತಳ್ಳಿದರು.

ಆಂಟಿ ಕೂಗಾಡಲಿಲ್ಲ. ನನ್ನ ಕಡೆ ತಿರುಗಿ ತಣ್ಣಗೆ ಹೇಳಿದರು: "ಒಂದು ವರ್ಷದಿಂದ ನವಣೆ, ಸಾಮೆ ಅಂತ ಬೇಯಿಸಿ ಹಾಕ್ತಿದೀನಿ. ಶುಗರ್ ಯಾಕೆ ಇಳೀತಿಲ್ಲ ಅಂತ ಡಾಕ್ಟರಿಗೂ ತಲೆ ಕೆಟ್ಟಿತ್ತು. ನಿನ್ನಿಂದ ಬಹಳ ಉಪಕಾರ ಆಯ್ತಪ್ಪ. ನನಗೆ ಇದರದ್ದು ಒಂದು ಪ್ರಿಂಟ್ ಬೇಕು."

ನನ್ನ ಕೃತಿಯನ್ನು ಜನ್ಮದಲ್ಲಿ ಮೊದಲ ಬಾರಿಗೆ ಒಬ್ಬರು ಬಯಸಿ ಕೇಳಿದ್ದರು. ಅಂಕಲ್ ಕಡೆ ನೋಡದೆ, ಕೇಳಬೇಕಾದದ್ದನ್ನು ಕೇಳಿಯೇಬಿಟ್ಟೆ.

"ಯಾವ ಸೈಜಿನಲ್ಲಿ ಆಂಟಿ?"

"ನಮ್ಮ ಫ್ರಿಜ್ ಬಾಗಿಲಿನ ಸೈಜಿನಲ್ಲಿ."