ನೆಟ್ಟಗೆ ಹೋಗುವ ದೋಣಿ

ಸಂಶಯವೂ ಒಂದು ಮನೆಗೆಲಸವೇ. ಯಾರಾದರೊಬ್ಬರು ದಿನಾಲೂ ಮಾಡಲೇಬೇಕು. ನಮ್ಮ ಮನೆಯಲ್ಲಿ ಅದನ್ನು ನನ್ನ ಹೆಂಡತಿ ನೀಲವ್ವ ಮಾಡುತ್ತಿದ್ದಳು. ಹಾಲಿನವನ ನೀರು, ಬಳೆಗಾರನ ನಗು, ಸೀರೆಯವನ ಬಣ್ಣ, ಎಲ್ಲದರ ಮೇಲೂ ಅವಳ ಕಣ್ಣಿರುತ್ತಿತ್ತು. ನಾನು ಏಳನೇ ಇಯತ್ತೆ ಓದಿ ಒಕ್ಕಲುತನಕ್ಕೆ ನಿಂತವನು. ಯಾರು ಏನು ಹೇಳಿದರೂ ಹೌದೆಂದು ಆರಾಮಾಗಿದ್ದೆ. ಅವಳು ಹೋದ ಮೇಲೆ ರೊಟ್ಟಿ ಬಡಿಯುವುದು ಸೊಸೆಯ ಪಾಲಿಗೆ ಹೋಯಿತು, ಸಂಶಯ ನನ್ನ ಪಾಲಿಗೆ ಬಂತು. ನನಗೆ ಹೊಸ ಕೆಲಸ, ಎಲ್ಲಿ ಪಡಬೇಕು ಎಲ್ಲಿ ಬಿಡಬೇಕು ತಿಳಿಯುವುದಿಲ್ಲ. ಅಂಗಳದಲ್ಲಿ ಮಲಗಿದ್ದ ನಮ್ಮದೇ ನಾಯಿಯನ್ನು, ನಮ್ಮದು ಹೌದೋ ಅಲ್ಲವೋ ಎಂದು ಎಬ್ಬಿಸಿ ನೋಡಿದ್ದೂ ಉಂಟು.

ಇಂಥ ಹೊತ್ತಿನಲ್ಲಿ ನಾನು ಹಡಗು ಕೊಳ್ಳಲು ಹೊರಟೆ. ಸವದತ್ತಿಯವನಿಗೆ ಹಡಗು ಯಾಕೆ ಎಂದು ನೀವೂ ಕೇಳುತ್ತೀರಿ. ನೀಲವ್ವನ ತವರೂರು ಮಲಪ್ರಭೆಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ತವರಿನವರು ಮಗಳಿಗೆ ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ತವರೇ ನೀರಿನಲ್ಲಿರುವಾಗ ತುಂಬುವವರು ಯಾರು? ಅದಕ್ಕೆ ಅವಳೇ ವರ್ಷಕ್ಕೊಮ್ಮೆ, ನವರಾತ್ರಿಯ ಮೊದಲು, ಹರಿಗೋಲಿನಲ್ಲಿ ಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಇಟ್ಟು ನೀರಿಗೇ ಉಡಿ ತುಂಬಿ ಬರುತ್ತಿದ್ದಳು. ಜೊತೆಗೆ ನಾನು. ಹರಿಗೋಲು ಬುಟ್ಟಿಯಂಥದು, ಗರಗರ ತಿರುಗುತ್ತದೆ. ಆಗ ಅವಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, “ನನಗ ತಲಿ ತಿರಗತೈತ್ರಿ, ನೀವೂ ಕಣ್ಣ ಮುಚ್ಚಕೊಳ್ರಿ” ಅನ್ನುತ್ತಿದ್ದಳು. ಕಡೆಯ ಸಲ ಹಾಸಿಗೆ ಹಿಡಿದಾಗಲೂ, ನೆಟ್ಟಗೆ ಹೋಗುವ ದೋಣಿ ಒಂದಿದ್ದಿದ್ದರೆ ಚಲೋ ಇತ್ತು ಅಂದಳು. ಆ ವರ್ಷಕ್ಕೆಂದು ಅವಳು ತಂದಿಟ್ಟ ಹಸಿರು ಖಣ ಟ್ರಂಕಿನಲ್ಲೇ ಉಳಿಯಿತು. ಅದನ್ನು ಅವಳ ತವರಿಗೆ ಮುಟ್ಟಿಸಬೇಕು, ನೆಟ್ಟಗೆ ಹೋಗಿ ಮುಟ್ಟಿಸಬೇಕು. ನನಗಿದ್ದುದು ಅದೊಂದೇ.

ಬೈಲಹೊಂಗಲದ ಒಬ್ಬ ಸಾವಕಾರರು ಎಲ್ಲಮ್ಮನ ಗುಡ್ಡಕ್ಕೆ ಬರುವ ಜನ ನೀರಿನ ಮೇಲೂ ತಿರುಗಾಡುತ್ತಾರೆಂದು ನಂಬಿ ಗೋವಾದಿಂದ ಎರಡು ಹಾಯಿದೋಣಿ ತರಿಸಿದ್ದರು. ಒಳಗೆ ನಾಲ್ಕು ಜನ ಮಲಗುವಷ್ಟು ಜಾಗ, ಮೂಲೆಯಲ್ಲಿ ಸ್ಟೋವಿನ ಕಟ್ಟೆ. ಜನ ಗುಡ್ಡ ಹತ್ತಿದರು, ಇಳಿದರು, ಬಸ್ಸು ಹಿಡಿದರು. ದೋಣಿಗಳು ದಂಡೆಯಲ್ಲೇ ಉಳಿದವು. ಒಂದು ನೀಲಿ, ಇನ್ನೊಂದು ಬಿಳಿ. ನೀಲಿಯದಕ್ಕೆ ಹೊಟ್ಟೆಯ ಕೆಳಗೆ ಆಳವಾದ ಕಬ್ಬಿಣದ ರೆಕ್ಕೆ. ಗಾಳಿಗೆ ಮಗುಚುವುದಿಲ್ಲ, ಆದರೆ ನೀರೊಳಗಿನ ಹಳೆಯ ಗೋಡೆಗೆ ತಾಗಬಹುದು. ಬಿಳಿಯದಕ್ಕೆ ರೆಕ್ಕೆಯ ಬದಲು ಒಂದು ಹಲಗೆ, ಅದನ್ನು ಮೇಲಕ್ಕೆ ಎತ್ತಬಹುದು. ಗೋಡೆಗೆ ತಾಗುವುದಿಲ್ಲ, ಆದರೆ ಗಾಳಿ ಬಂದರೆ ದೇವರೇ ಗತಿ. ಸಾವಕಾರರು, ಒಂದು ಇಟ್ಟುಕೊಳ್ಳುತ್ತೇನೆ, ಒಂದು ಮಾರುತ್ತೇನೆ, ಯಾವುದು ಬೇಕೋ ನೀವೇ ಆರಿಸಿರಿ ಅಂದರು. ನನ್ನ ಸಂಶಯ ಅಲ್ಲಿಂದಲೇ ಎದ್ದಿತು. ಜೋಡಿ ಎತ್ತು ಒಡೆದು ಮಾರುವವನನ್ನು ನಮ್ಮ ಸಂತೆಯಲ್ಲಿ ಯಾರೂ ನಂಬುವುದಿಲ್ಲ.

ನನಗೆ ಗೊತ್ತಿದ್ದ ಪರೀಕ್ಷೆ ಎತ್ತಿನದು. ಸುಳಿ ಹುಡುಕಿದೆ, ಸಿಗಲಿಲ್ಲ. ಹೊಟ್ಟೆ ತಟ್ಟಿದೆ. ಬಾಲ ತಿರುವಿದಂತೆ ಚುಕ್ಕಾಣಿ ತಿರುವಿದೆ. ಎರಡೂ ಸುಮ್ಮನಿದ್ದವು. ದೋಣಿ ನಡೆಸಲು ಇಟ್ಟುಕೊಂಡಿದ್ದ ಕಾರವಾರದವನನ್ನು ಕೇಳಿದರೆ ಎರಡೂ ಚಲೋ ಅಂದ. ಸಂಬಳ ಕೊಡುವವರ ಎದುರು ಇನ್ನೇನು ಅಂದಾನು? ಸಾವಕಾರರನ್ನು ಕೇಳಿದೆ, ನೀಲಿ ಒಯ್ಯಿರಿ ಅಂದರು. ಅಂದರೆ ಒಳ್ಳೆಯದು ಬಿಳಿ. ಆದರೆ ನಾನು ಹೀಗೆ ಯೋಚಿಸುತ್ತೇನೆಂದು ತಿಳಿದೇ ಹಾಗೆ ಅಂದಿದ್ದರೆ? ಅಂದರೆ ನೀಲಿ. ಹೀಗೇ ಆ ವಾರವೆಲ್ಲ ನೀಲಿ, ಬಿಳಿ ಅನ್ನುತ್ತ ಊಟ ರುಚಿಸಲಿಲ್ಲ. ಪಕ್ಕದ ಮನೆಯ ಬಸಪ್ಪಣ್ಣ ದಿನಾಲೂ ಕಟ್ಟೆಗೆ ಬಂದು, “ಎತ್ತ ಮಾರಿದವ್ರು ಟ್ರ್ಯಾಕ್ಟರ್ ತರ್ತಾರ, ನೀ ಸಮುದ್ರನ ತರಾಕ ಹೊಂಟೀಯಲ್ಲೋ ಮಾರಾಯಾ” ಎಂದು ಚಹಾ ಕುಡಿದು ಹೋಗುತ್ತಿದ್ದ.

ಕೊನೆಗೆ ಸುರೇಬಾನಕ್ಕೆ ಕೊಟ್ಟ ಮಗಳು ಶಾಂತವ್ವ ಉಡಿ ತುಂಬಲೆಂದು ಬಂದಳು. ಅವಳು ದೋಣಿಗಳನ್ನು ನೋಡಲೇ ಇಲ್ಲ. ಅವಳ ಅವ್ವ ಸಂತೆಯಲ್ಲಿ ಎತ್ತು ನೋಡದೆ ಮಾರುವವನನ್ನೇ ನೋಡುತ್ತಿದ್ದಳು, ಮೊದಲು ನೀನೇ ಹೂಡಿ ತೋರಿಸು ಅನ್ನುತ್ತಿದ್ದಳು. ಇವಳೂ ಹಾಗೆಯೇ ಸಾವಕಾರರ ಮುಖ ನೋಡಿ ಅಂದಳು, “ಮೊದ್ಲ ನೀವ ಹತ್ರಿ, ಕಾಕಾ.”

ಸಾವಕಾರರ ಮುಖ ಬಾಡಿತು. ಅತ್ತಿತ್ತ ನೋಡಿ, ಮೆಲ್ಲಗೆ, “ನನಗ ಈಜ ಬರೂದಿಲ್ಲವ್ವಾ ತಂಗಿ. ಇನ್ನೂತನಕ ಒಂದನ್ನೂ ಹತ್ತಿಲ್ಲ. ಗೋವಾದಾವ ನನಗ ಯಾವದರಾಗ ಮೋಸ ಮಾಡ್ಯಾನೋ ಗೊತ್ತಿಲ್ಲ. ನೀಲಿ ಅಂದದ್ದೂ ಬಾಯಿಗೆ ಬಂದಂಗ. ಇವ್ರು ಆರಿಸಿದ್ರ ತಿಳೀತೈತಿ ಅಂತ ಕಾಯಾಕತ್ತಿದ್ದೆ” ಅಂದರು.

ನಾನೂ ಸಾವಕಾರರೂ ಒಬ್ಬರನ್ನೊಬ್ಬರು ಪಾಪ ಎನ್ನುವಂತೆ ನೋಡಿಕೊಂಡೆವು. ಮುಳುಗಿದ ಊರಿನಲ್ಲಿ ಗೋಡೆಗಳಿರುವುದರಿಂದ ಬಿಳಿಯದನ್ನೇ ಹತ್ತಿದೆವು, ಮೊದಲು ಸಾವಕಾರರು, ಹಿಂದೆ ನಾವು. ಕಾರವಾರದವನು ಹಾಯಿ ಬಿಚ್ಚಿದ. ದೋಣಿ ನೆಟ್ಟಗೆ, ನೂಲು ಹಿಡಿದಂತೆ ಹೊರಟಿತು. ಇದನ್ನು ಅವಳು ನೋಡಬೇಕಿತ್ತು ಅಂದುಕೊಂಡೆ. ತವರೂರಿನ ಮೇಲೆ ಬರುವ ಹೊತ್ತಿಗೆ ಗಾಳಿ ನಿಂತಿತು. ಹಾಯಿ ಒಣಹಾಕಿದ ಧೋತರದಂತೆ ಜೋತುಬಿತ್ತು. ದೋಣಿ ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಹರಿಗೋಲಿನ ಹಾಗೆಯೇ ತಿರುಗತೊಡಗಿತು.

ಗುಡ್ಡ ಒಂದು ಸಲ ಎದುರಿಗೆ ಬಂತು, ಒಂದು ಸಲ ಬೆನ್ನಿಗೆ. ಶಾಂತವ್ವ ಅಲುಗಾಡದೆ ಕುಳಿತು ಹಸಿರು ಖಣದ ಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು ನೀರಿಗೆ ಬಿಟ್ಟಳು. ಖಣ ತುಸು ತೇಲಿ ಒಳಗೆ ಹೋಯಿತು. ನನಗೆ ಅದನ್ನು ಪೂರಾ ನೋಡಲಾಗಲಿಲ್ಲ. ನನ್ನ ತಲೆ ತಿರುಗುತ್ತಿತ್ತು. ಕೈ ತಾನಾಗಿ ಪಕ್ಕಕ್ಕೆ ಚಾಚಿ, ಸಿಕ್ಕಿದ್ದನ್ನು ಹಿಡಿದುಕೊಂಡಿತು. ಸಿಕ್ಕಿದ್ದು ಸಾವಕಾರರ ಕೈ. ಅವರೂ ಬಿಡಲಿಲ್ಲ.

ಮಗಳು ನನ್ನನ್ನು ನೋಡಿ ನಕ್ಕು, “ಅಪ್ಪಾ, ಕಣ್ಣ ಮುಚ್ಚಕೋ” ಅಂದಳು. ಥೇಟ್ ಅವ್ವನ ದನಿ.

ಕಣ್ಣು ಮುಚ್ಚಿದೆ. ಆಗ ಹುಟ್ಟಿದ ಸಂಶಯ ಇನ್ನೂ ಹೋಗಿಲ್ಲ. ಅಷ್ಟು ವರ್ಷ ಹರಿಗೋಲಿನಲ್ಲಿ ತಲೆ ತಿರುಗುತ್ತಿದ್ದುದು ಯಾರಿಗೆ? ನೆಟ್ಟಗೆ ಹೋಗುವ ದೋಣಿ ಬೇಕೆಂದು ಅವಳು ಕೇಳಿದ್ದು ಯಾರಿಗಾಗಿ?

ದೋಣಿ ಕೊಳ್ಳಲಿಲ್ಲ. ನೀಲಿ, ಬಿಳಿ ಎರಡೂ ಜೋಡಿಯಾಗಿ ದಂಡೆಯಲ್ಲೇ ಇವೆ. ಮುಂದಿನ ವರ್ಷ ಮತ್ತೆ ಹರಿಗೋಲಿನಲ್ಲೇ ಹೋಗುವುದು. ಬಸಪ್ಪಣ್ಣ ಯಾಕೆಂದು ಕೇಳಿದಾಗ, ಶಾಂತವ್ವನಿಗೆ ತಲೆ ತಿರುಗುತ್ತದೆ, ಹತ್ತಿರ ಕುಳಿತು ಕೈ ಹಿಡಿಯಲು ಅದೇ ಅನುಕೂಲ ಎಂದು ಈಗಲೇ ಹೇಳಿಟ್ಟಿದ್ದೇನೆ.