ಒಂದು ಮೊಬೈಲಿನಲ್ಲಿ ಮದುವೆ ಗೊತ್ತಾಗಿದೆ, ಇನ್ನೊಂದರಲ್ಲಿ ಇಲ್ಲ

ವೆಬ್‌ಸೈಟು ಕೆಡುವುದು ಕಂಪ್ಯೂಟರಿನಲ್ಲಿ, ಅದರ ಜಗಳ ನಡೆಯುವುದು ಯಾರದೋ ಪಡಸಾಲೆಯಲ್ಲಿ; ಇದು ಎಲ್ಲ ದೇಶದಲ್ಲೂ ಹೀಗೇ. ನಾನು ಕಾಲಲ್ಲಿ ಚಕ್ರ ಇದ್ದವಳು. ನೈರೋಬಿಯಲ್ಲಿ ಬ್ಯಾಂಕಿಗೆ, ಲಿಸ್ಬನ್ನಿನಲ್ಲಿ ಹೋಟೆಲಿಗೆ ಕೆಲಸ ಮಾಡಿ, ಈಗ ಚಿತ್ರದುರ್ಗದಲ್ಲಿ ನಿವೃತ್ತ ಟೀಚರೊಬ್ಬರು ನಡೆಸುವ ವಧೂವರರ ಕೇಂದ್ರದ ವೆಬ್‌ಸೈಟು ನೋಡಿಕೊಳ್ಳುತ್ತೇನೆ. ಈಚೆಗೆ ಮೂರು ತಿಂಗಳು ಊರು ಬಿಟ್ಟು ವಾಪಸು ಬಂದೆ. ಬಂದ ವಾರವೇ ಶುರುವಾಯಿತು.

ಮೀಸೆ

ಹೊಳಲ್ಕೆರೆಯಿಂದ ಒಬ್ಬ ವರನ ಅಪ್ಪ ಫೋನ್ ಮಾಡಿದರು. ಮಗನ ಮೀಸೆ ತೆಗೆಸಿ, ಸ್ಟುಡಿಯೋದಲ್ಲಿ ಹೊಸ ಫೋಟೋ ಹೊಡೆಸಿ ಹಾಕಿಸಿದ್ದರಂತೆ. ಹೆಂಡತಿಯ ಮೊಬೈಲಿನಲ್ಲಿ ಮೀಸೆ ಹೋಗಿದೆ, ಇವರ ಮೊಬೈಲಿನಲ್ಲಿ ಇನ್ನೂ ಇದೆ. ಇಬ್ಬರೂ ಒಂದೇ ಮಂಚದ ಮೇಲೆ ಕೂತು ಒಂದೇ ಪುಟ ನೋಡುತ್ತಿದ್ದಾರೆ. ನಾನೂ ತೆಗೆದು ನೋಡಿದೆ, ಮೀಸೆ ಇರಲಿಲ್ಲ. ನನಗೆ ಸರಿಯಾಗೇ ಕಾಣ್ತಿದೆ ಸಾರ್ ಅಂದೆ.

"ನಿಮಗೂ ಸರಿ, ಅವಳಿಗೂ ಸರಿ. ಮೂವತ್ತು ವರ್ಷದಿಂದ ಈ ಮನೇಲಿ ಎಲ್ಲಾ ತಡವಾಗಿ ತಿಳಿಯೋದು ನನಗೊಬ್ಬನಿಗೇ ಕಣಮ್ಮ."

ಸರ್ಕಾರಿ ನೌಕರಿ

ಮರುದಿನ ದುರ್ಗದ ಟೈಲರ್ ಸಾಹೇಬರು ಅಂಗಡಿಯಿಂದಲೇ ಬಂದರು, ಟೇಪು ಇನ್ನೂ ಕೊರಳಲ್ಲೇ ಇತ್ತು. ಮಗಳ ಪುಟದಲ್ಲಿ "ಸರ್ಕಾರಿ ನೌಕರಿಯ ವರನೇ ಬೇಕು" ಅಂತ ಬರೆಸಿದ್ದರು. ಯಾರೂ ಬಾರದ್ದು ನೋಡಿ ಆ ಸಾಲು ತೆಗೆಸಿದ್ದರು. ಅರ್ಧ ಜನರಿಗೆ ಅದು ಇನ್ನೂ ಕಾಣುತ್ತಿತ್ತು. ಯಾರೋ ಮೆಕ್ಯಾನಿಕ್ ಹುಡುಗ ಫೋನ್ ಮಾಡಿ, ನನಗೆ ಸರ್ಕಾರಿ ನೌಕರಿ ಇಲ್ಲ, ಕೇಳಿದ್ದು ತಪ್ಪಾದರೆ ಕ್ಷಮಿಸಿ ಅಂದನಂತೆ. ಕೂಡಲೇ ಸರಿಮಾಡುತ್ತೇನೆ ಅಂದೆ.

"ಅರ್ಜೆಂಟ್ ಏನಿಲ್ಲ ಮೇಡಂ. ಮಗಳನ್ನ ಕೇಳೋಕೆ ಮುಂಚೇನೇ ಕ್ಷಮೆ ಕೇಳೋ ಅಳಿಯ ಎಲ್ಲಿ ಸಿಕ್ತಾನೆ? ಅವನು ಮನೆಗೆ ಬಂದು ಹೋಗೋವರ್ಗೂ ಅದು ಕೆಟ್ಟೇ ಇರ್ಲಿ ಬಿಡ್ರಿ."

ಪೂಜೆಯಾದ ಡಬ್ಬಿ

ವೆಬ್‌ಸೈಟು ಇಟ್ಟುಕೊಂಡಿರುವ ಕಂಪ್ಯೂಟರು, ಅಂದರೆ ಸರ್ವರು, ಮೊಬೈಲಿಗೆ ಪುಟ ಕಳಿಸುವಾಗ ಜೊತೆಗೆ ಕಣ್ಣಿಗೆ ಕಾಣದ ಒಂದು ಚೀಟಿಯನ್ನೂ ಕಳಿಸುತ್ತದೆ. ನಮ್ಮ ಕಸುಬಿನಲ್ಲಿ ಅದಕ್ಕೆ ಹೆಡರ್ ಅನ್ನುತ್ತಾರೆ. ಈ ಪುಟವನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು ಅಂತ ಅದರಲ್ಲಿ ಬರೆದಿರುತ್ತದೆ. ನಾನು ಒಂದೇ ಪುಟವನ್ನು ಹತ್ತು ಸಲ ತರಿಸಿ ಚೀಟಿ ಓದಿದೆ. ಕೆಲವು ಸಲ "ಪ್ರತಿ ಸಲ ಬಂದು ಕೇಳು" ಅಂತಿತ್ತು, ಕೆಲವು ಸಲ "ಎಂಟು ದಿನ ಇಟ್ಟುಕೋ, ಕೇಳಲೇಬೇಡ" ಅಂತಿತ್ತು. ಮೊದಲನೆಯದು, ಊರು ಬಿಡುವ ಮುಂಚೆ ಹಾಕಿದ್ದ ಹೊಸ ಸರ್ವರಿಗೆ ನಾನು ಕಲಿಸಿದ್ದು. ಎರಡನೆಯದು ಹಳೆಯ ಸರ್ವರಿನ ಚಾಳಿ; ಅಂದರೆ ಅದೂ ಇನ್ನೂ ಪುಟ ಹಂಚುತ್ತಿತ್ತು. ಆದರೆ ಹಳೆಯದನ್ನು ಆಫ್ ಮಾಡಿಬಿಡಿ ಅಂತ ಟೀಚರಿಗೆ ಹೇಳಿಯೇ ನಾನು ಊರು ಬಿಟ್ಟಿದ್ದೆ.

ಆಫೀಸಿನ ಒಳಕೋಣೆಗೆ ಹೋಗಿ ನೋಡಿದರೆ ಆ ಹಳೆಯ ಸರ್ವರಿನ ಡಬ್ಬಿ ಬುಸುಗುಡುತ್ತಾ ಕೂತಿದೆ. ಮೈಮೇಲೆ ವಿಭೂತಿ, ಕುಂಕುಮ, ಬಾಡಿದ ಸೇವಂತಿಗೆ. ಆಯುಧ ಪೂಜೆ ಮಾಡಿಸಿಕೊಂಡಿದ್ದನ್ನ ಹೆಂಗೆ ಆರಿಸೋದು, ಅದರ ಕೈಯಲ್ಲಿ ಎಷ್ಟು ಮದುವೆ ಆಗ್ಯಾವೆ ಅಂದರು ಟೀಚರು. ಅದಕ್ಕೆ ವಯಸ್ಸಾಯಿತು, ನಿವೃತ್ತಿ ಕೊಡೋಣ ಅಂದೆ.

"ನಿವೃತ್ತಿ ದಿನ ನನಗೂ ಹಾರ ಹಾಕಿ ಕಳಿಸಿದ್ರು. ನಾನೇನು ಆಫ್ ಆದ್ನಾ?"

ಬೀಗರು

ಕೊನೆಗೆ ಅವರ ಕೈಯಿಂದಲೇ ಮಂಗಳಾರತಿ ಮಾಡಿಸಿ ಆರಿಸಿದೆ. ಆದರೆ ಅದು ಆಗಲೇ ಹಂಚಿದ್ದ ಎಂಟು ದಿನದ ಚೀಟಿಗಳು ಊರೂರಿನ ಮೊಬೈಲುಗಳಲ್ಲಿ ಉಳಿದಿದ್ದವಲ್ಲ.

ಹೊಸದುರ್ಗದ ಒಬ್ಬ ನರ್ಸ್ ಹುಡುಗಿಗೂ ಹಿರಿಯೂರು ಕಡೆಯ ದನದ ಡಾಕ್ಟರಿಗೂ ಆ ಸೋಮವಾರ ಒಪ್ಪಿಗೆಯಾಗಿತ್ತು. ಇಬ್ಬರ ಪುಟದಲ್ಲೂ "ಮದುವೆ ಗೊತ್ತಾಗಿದೆ" ಅಂತ ನಾನೇ ಹಾಕಿದ್ದೆ. ಭಾನುವಾರ ನಿಶ್ಚಿತಾರ್ಥ. ಶುಕ್ರವಾರ ಹುಡುಗಿ ಅಳುತ್ತಾ ಫೋನ್ ಮಾಡಿದಳು. ಹುಡುಗನ ಸೋದರತ್ತೆಯ ಮೊಬೈಲಿನಲ್ಲಿ ಇವಳ ಪುಟ ಇನ್ನೂ "ವರ ಬೇಕಾಗಿದ್ದಾನೆ" ಅನ್ನುತ್ತಿದೆ. ನಮ್ಮನ್ನ ಒಪ್ಪಿ ಇನ್ನೂ ಗಂಡು ಹುಡುಕೋ ಮನೆ ನಮಗೆ ಬೇಡ ಅಂತ ಅತ್ತೆ ಎಲ್ಲ ನಿಲ್ಲಿಸಿ ಕೂತಿದ್ದಾರೆ. "ಅಕ್ಕಾ, ನನಗೆ ಅವರೇ ಬೇಕು" ಅಂದಳು.

ಟೀಚರನ್ನೂ ಹುಡುಗಿಯ ತಾಯಿಯನ್ನೂ ಕರೆದುಕೊಂಡು ಜವನಗೊಂಡನಹಳ್ಳಿಯಲ್ಲಿರುವ ಆ ಸೋದರತ್ತೆಯ ಮನೆಗೆ ಹೋದೆ. ಕುಂತ್ಕಳ್ರಿ ಅಂದರು, ಮುಖ ಬಿಡಲಿಲ್ಲ. ಚೀಟಿಯ ಕತೆ ಹೇಳಿ ನನ್ನ ಮೊಬೈಲಿನಲ್ಲಿ ಪುಟ ತೋರಿಸಿದೆ. ನಿಮ್ಮ ಫೋನು ನಿಮ್ಮ ಮಾತು ಕೇಳದೆ ನನ್ನ ಮಾತು ಕೇಳ್ತೈತಾ ಅಂದರು. ಅವರ ಮೊಬೈಲಿನಲ್ಲಿದ್ದ ಹಳೆಯದನ್ನು ಅಳಿಸಿ ಮತ್ತೆ ತೆರೆದೆ, "ಗೊತ್ತಾಗಿದೆ" ಅಂತ ಬಂತು. ಈಗ ತಾನೆ ನೀವೇ ಏನೋ ಒತ್ತಿ ಬದಲಾಯಿಸಿದ್ರಿ, ನಾನು ನೋಡ್ಲಿಲ್ವಾ ಅಂದರು.

ಆಗ ಹುಡುಗಿಯ ತಾಯಿ ಚೀಲದಿಂದ ತಮ್ಮ ಮೊಬೈಲು ತೆಗೆದು ಅತ್ತೆಯ ಮುಂದಿಟ್ಟರು. ಅದರಲ್ಲಿ ಹುಡುಗನ ಪುಟ: "ವಧು ಬೇಕಾಗಿದ್ದಾಳೆ."

ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿದರು. ಇದು ಸುಳ್ಳು ಅಂದರು. ಹಂಗಾದ್ರೆ ಅದೂ ಸುಳ್ಳು ಅಂದರು ತಾಯಿ. ಅತ್ತೆ ಮೊಬೈಲು ವಾಪಸು ಕೊಡುತ್ತಾ ಕೇಳಿದರು.

"ಯಾವಾಗಿಂದ ನೋಡ್ತಿದ್ದೀರಿ ಇದನ್ನ?"

"ಸೋಮವಾರದಿಂದ. ದಿನಾ ಎದ್ದ ತಕ್ಷಣ."

"ನಿಮ್ಮ ಮಗಳದನ್ನ ನಾನು ದಿನಾ ಕಾಫಿ ಕುಡಿದ ಮೇಲೆ ನೋಡ್ತೀನಿ," ಅಂದರು ಅತ್ತೆ. ಆಮೇಲೆ ಮೊದಲ ಸಲ ನಕ್ಕರು. "ನಮ್ಮನೆಗೆ ಸರಿಯಾದ ಬೀಗಿತಿ ಸಿಕ್ಕಿದ್ರಿ ಬಿಡ್ರಿ. ಭಾನುವಾರ ಬೇಗ ಬರ್ರಿ."